ಲೇತಿನ ಬೆಲ್ಟ್: ಹೊಸದು ಹಾಕುವ ಮೊದಲು ಹಳೆಯದನ್ನು ನೋಡಿ

ಕಟ್ ತುಸು ಹೆಚ್ಚು ಕೊಟ್ಟರೆ ಸಾಕು, ಚಕ್ ಮುಗ್ಗರಿಸುತ್ತದೆ. ಮೋಟಾರು ಮಾತ್ರ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಬೆಳಿಗ್ಗೆ ಸ್ಟಾರ್ಟರ್ ಒತ್ತಿದ ಗಳಿಗೆಯಲ್ಲಿ ಕಿವಿ ಚುಚ್ಚುವ ಕೀರಲು ಸದ್ದು. ಮೋಟಾರಿನ ಸುತ್ತ, ಲೇತಿನ ಕಾಲಿನ ಒಳಗೆಲ್ಲ ಕಪ್ಪು ರಬ್ಬರ್ ಪುಡಿ. ಈ ಮೂರೂ ಒಟ್ಟಿಗೆ ಕಂಡರೆ ಬೆಲ್ಟಿನ ಕಾಲ ಮುಗಿಯಿತು ಅಂತಲೇ ಲೆಕ್ಕ.

ಆಮೇಲೆ ನಡೆಯುವುದು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಹುಡುಗನೊಬ್ಬ ಹಳೇ ಬೆಲ್ಟ್ ಹಿಡಿದು ಅಂಗಡಿಗೆ ಓಡುತ್ತಾನೆ, ಅದೇ ನಂಬರಿನದು ತರುತ್ತಾನೆ, ಸ್ಕ್ರೂಡ್ರೈವರ್ ತೂರಿಸಿ ಪುಲ್ಲಿಯ ಮೇಲೆ ಏರಿಸಿದ್ದೂ ಆಯಿತು, ಮಧ್ಯಾಹ್ನದ ಹೊತ್ತಿಗೆ ಜಾಬ್ ಮತ್ತೆ ಶುರು. ಹಳೇ ಬೆಲ್ಟ್ ಗುಜರಿಗೆ. ನನ್ನ ತಕರಾರು ಇರುವುದು ಇಲ್ಲೇ. ವಿ-ಬೆಲ್ಟ್ ಲೇತಿನ ಅಗ್ಗದ ಭಾಗಗಳಲ್ಲೊಂದು. ಬೇರೆ ಭಾಗಗಳ ತಪ್ಪಿಗೆ ಏಟು ತಿನ್ನುವುದೂ ಅದೇ. ಆಯಿಲ್ ಸೀಲ್ ಸೋರಿದರೂ, ಮೋಟಾರು ಓರೆಯಾಗಿ ಕೂತರೂ, ಪುಲ್ಲಿಯ ಗ್ರೂವ್ ಸವೆದರೂ ಮೊದಲು ಹಾಳಾಗುವುದು ಬೆಲ್ಟ್. ಕಾರಣ ಹುಡುಕದೆ ಹಾಕಿದ ಹೊಸ ಬೆಲ್ಟ್ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ನಿಮ್ಮ ಲೇತ್ ಯಾವ ಬಗೆಯದು?

ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಮತ್ತು ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ ತಯಾರಿಸಿದ ಲೇತುಗಳು ನಮ್ಮ ವರ್ಕ್‌ಶಾಪು, ಐಟಿಐಗಳಲ್ಲಿ ಇವತ್ತಿಗೂ ದುಡಿಯುತ್ತಿವೆ. ಅವುಗಳ ಪಕ್ಕದಲ್ಲಿ ಪಂಜಾಬಿನ ಬಟಾಲ, ಗುಜರಾತಿನ ರಾಜಕೋಟ್ ಕಡೆಯಿಂದ ಬಂದ ಹಗುರ ಲೇತುಗಳು. ಬೆಲ್ಟಿನ ಮಟ್ಟಿಗೆ ಇವೆಲ್ಲವನ್ನೂ ಎರಡು ಗುಂಪು ಮಾಡಬಹುದು.

ಮೊದಲನೆಯದು ಆಲ್ ಗೇರ್ಡ್ ಲೇತ್. ವೇಗ ಬದಲಿಸುವುದೆಲ್ಲ ಹೆಡ್‌ಸ್ಟಾಕಿನ ಒಳಗಿನ ಗೇರುಗಳಲ್ಲಿ. ಮೋಟಾರು ಹೆಡ್‌ಸ್ಟಾಕಿನ ಕೆಳಗಿನ ಕಾಲಿನಲ್ಲೋ ಹಿಂಬದಿಯಲ್ಲೋ ಇರುತ್ತದೆ. ಅಲ್ಲಿಂದ ಮೇಲಿನ ಪುಲ್ಲಿಗೆ ಎರಡು, ಮೂರು ಅಥವಾ ನಾಲ್ಕು ವಿ-ಬೆಲ್ಟು. ಪುಲ್ಲಿಗಳೆರಡೂ ಹೊರಗಡೆಯೇ ಇರುವುದರಿಂದ ಬೆಲ್ಟ್ ಬದಲಿಸುವುದು ಸುಲಭ. ಎರಡನೆಯದು ಕೋನ್ ಪುಲ್ಲಿ ಲೇತ್. ಇದರಲ್ಲಿ ಮೆಟ್ಟಿಲು ಮೆಟ್ಟಿಲಾದ ಪುಲ್ಲಿ ಸ್ಪಿಂಡಲ್ಲಿನ ಮೇಲೆಯೇ, ಎರಡು ಬೇರಿಂಗುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಸ್ಪಿಂಡಲ್ ಬಿಚ್ಚದೆ ಇಡೀ ಬೆಲ್ಟ್ ಅದರೊಳಗೆ ಹೋಗುವುದಿಲ್ಲ. ಇದಕ್ಕೆ ಬೇರೆ ಉಪಾಯ ಇದೆ, ಕೊನೆಯಲ್ಲಿ ಹೇಳುತ್ತೇನೆ.

ಬೆಲ್ಟೋ, ಬೇರಿಂಗೋ?

ಸ್ಲಿಪ್ ಆಗುವ ಬೆಲ್ಟನ್ನು ಗುರುತಿಸುವುದು ಕಷ್ಟವಲ್ಲ. ತಲೆ ತಿನ್ನುವುದು ಇನ್ನೊಂದು ಬಗೆಯ ಕಾಯಿಲೆ: ಬೆಲ್ಟ್ ಸ್ಲಿಪ್ ಆಗುತ್ತಿಲ್ಲ, ಆದರೆ ಫಿನಿಶಿಂಗ್ ಕಟ್‌ನಲ್ಲಿ ಜಾಬಿನ ಮೇಲೆ ಒಂದೇ ಅಂತರದ ಗೀರುಗಳು ಬರುತ್ತಿವೆ. ತಿಂಗಳುಗಟ್ಟಲೆ ನಿಂತಿದ್ದ ಲೇತಿನಲ್ಲಿ ಇದು ಮಾಮೂಲು. ಪುಲ್ಲಿಗೆ ಸುತ್ತಿಕೊಂಡು ನಿಂತ ಬೆಲ್ಟ್ ಅದೇ ಆಕಾರಕ್ಕೆ ಗಟ್ಟಿಯಾಗಿ, ತಿರುಗುವಾಗ ಪ್ರತಿ ಸುತ್ತಿಗೂ ಒಮ್ಮೆ ಕುಲುಕುತ್ತದೆ. ಒಳಗಿನ ನೂಲು ಒಂದು ಕಡೆ ಕಡಿದಿದ್ದರೂ ಹಾಗೆಯೇ. ಬಹಳ ಜನ ಇದನ್ನು ಸ್ಪಿಂಡಲ್ ಬೇರಿಂಗಿನ ದೋಷ ಎಂದು ತಿಳಿದು ಹೆಡ್‌ಸ್ಟಾಕ್ ಬಿಚ್ಚಲು ಹೊರಡುತ್ತಾರೆ.

ಬಿಚ್ಚುವ ಮೊದಲು ಸಣ್ಣ ಲೆಕ್ಕ ಹಾಕಿ. ಮೋಟಾರು ನಿಮಿಷಕ್ಕೆ 1440 ಸುತ್ತಿನದು, ಅದರ ಪುಲ್ಲಿ 125 ಮಿ.ಮೀ. ಅಂದರೆ ಬೆಲ್ಟ್ ಸೆಕೆಂಡಿಗೆ ಸುಮಾರು 9.4 ಮೀಟರ್ ಓಡುತ್ತದೆ. ಬೆಲ್ಟಿನ ಉದ್ದ 1.6 ಮೀಟರ್ ಇದ್ದರೆ ಅದು ಸೆಕೆಂಡಿಗೆ ಆರು ಸುತ್ತು ಬರುತ್ತದೆ. ಕೈಯಿಟ್ಟರೆ ಗೊತ್ತಾಗುವ ನಿಧಾನದ ಬಡಿತ ಇದು. ಗೇರ್ಡ್ ಲೇತಿನಲ್ಲಿ ಈ ಬೆಲ್ಟಿನ ವೇಗ ಯಾವಾಗಲೂ ಒಂದೇ; ಗೇರ್ ಬದಲಾದರೆ ಸ್ಪಿಂಡಲ್ಲಿನ ವೇಗ ಮಾತ್ರ ಬದಲಾಗುತ್ತದೆ. ಹಾಗಾಗಿ ಗೇರ್ ಬದಲಿಸಿ ನೋಡಿ. ಹೆಡ್‌ಸ್ಟಾಕಿನ ಮೇಲಿಟ್ಟ ಅಂಗೈಗೆ ಬಡಿತ ಅದೇ ಲಯದಲ್ಲಿ ಸಿಕ್ಕರೆ ಬೆಲ್ಟಿನ ಮೇಲೆ ಅನುಮಾನ ಪಡಿ, ಸ್ಪಿಂಡಲ್ ಜೊತೆಗೆ ಏರಿಳಿದರೆ ಬೇರಿಂಗ್ ಕಡೆ ನೋಡಿ. ಇದಕ್ಕೆ ಯಾವ ಮೀಟರೂ ಬೇಡ.

ಕರೆಂಟು ಹೋದಾಗ ಮುಟ್ಟಬೇಡಿ

‘ಕರೆಂಟು ಹೋಗಿದೆಯಲ್ಲ, ಅಷ್ಟರಲ್ಲಿ ಬೆಲ್ಟ್ ನೋಡಿಬಿಡೋಣ’ ಎನ್ನುವುದಕ್ಕಿಂತ ಅಪಾಯದ ಮಾತು ವರ್ಕ್‌ಶಾಪಿನಲ್ಲಿ ಇನ್ನೊಂದಿಲ್ಲ. ಸರಿಯಾದ ಸ್ಟಾರ್ಟರಿನಲ್ಲಿ ಕರೆಂಟು ಹೋದ ಕೂಡಲೇ ಕಾಯಿಲ್ ಬಿಟ್ಟುಕೊಂಡು, ಮತ್ತೆ ಬಟನ್ ಒತ್ತುವವರೆಗೆ ಮೋಟಾರು ಏಳುವುದಿಲ್ಲ. ಬರೀ ಸ್ವಿಚ್ಚಿನಲ್ಲಿ ಓಡಿಸುವ ಲೇತಿಗೆ, ಅಥವಾ ಯಾರೋ ‘ತಾತ್ಕಾಲಿಕವಾಗಿ’ ಕಾಯಿಲ್ ಬೈಪಾಸ್ ಮಾಡಿಟ್ಟ ಸ್ಟಾರ್ಟರಿಗೆ ಆ ಬುದ್ಧಿ ಇಲ್ಲ. ಕರೆಂಟು ಬಂದ ಕ್ಷಣ ಚಕ್ ತಿರುಗುತ್ತದೆ, ಬೆರಳು ಪುಲ್ಲಿಯ ಬಾಯಲ್ಲಿರುತ್ತದೆ. ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕ್ಯಾರಿಯರುಗಳನ್ನು ಕಿತ್ತು ನಿಮ್ಮ ಜೇಬಿಗೇ ಹಾಕಿಕೊಳ್ಳಿ. ಎಂಸಿಬಿ ಆದರೆ ಇಳಿಸಿ ಬೀಗ ಹಾಕಿ. ಬೀಗಕ್ಕೆ ಜಾಗವಿಲ್ಲದಿದ್ದರೆ ಬೋರ್ಡಿನ ಮುಂದೆ ಒಬ್ಬರನ್ನು ನಿಲ್ಲಿಸಿ. ಆಮೇಲೂ ಒಮ್ಮೆ ಸ್ಟಾರ್ಟ್ ಬಟನ್ ಒತ್ತಿ, ಏಳುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಚಕ್ಕಿನಿಂದ ಜಾಬನ್ನೂ ಚಕ್ ಕೀಯನ್ನೂ ತೆಗೆಯಿರಿ, ಗೇರನ್ನು ನ್ಯೂಟ್ರಲ್ಲಿಗೆ ತನ್ನಿ. ಪುಲ್ಲಿ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಕೈಯಲ್ಲಿ ತಿರುಗಿಸುವಾಗಲೂ ಬೆಲ್ಟ್ ಪುಲ್ಲಿಗೆ ಸೇರುವ ಜಾಗದಲ್ಲಿ ಬೆರಳಿಡಬೇಡಿ. ಭಾರದ ಚಕ್ ಒಮ್ಮೆ ತಿರುಗಲು ಶುರುವಾದರೆ ನಿಲ್ಲಿಸಿದ ಕಡೆ ನಿಲ್ಲುವುದಿಲ್ಲ.

ಬಿಚ್ಚುವುದು, ಓದುವುದು

ಗಾರ್ಡ್ ತೆಗೆದ ಮೇಲೆ ಮೋಟಾರಿನ ಬೇಸ್ ಪ್ಲೇಟ್ ನೋಡಿ. ಕೆಲವದರಲ್ಲಿ ಒಂದು ಕಡೆ ಹಿಂಜ್, ಇನ್ನೊಂದು ಕಡೆ ಟೆನ್ಷನ್ ಬೋಲ್ಟು. ಕೆಲವದರಲ್ಲಿ ಬರೀ ಉದ್ದ ತೂತಿನ ನಾಲ್ಕು ಬೋಲ್ಟು. ಸಡಿಲಿಸುವ ಮೊದಲು ಮೋಟಾರಿನ ಕೆಳಗೆ ಮರದ ತುಂಡು ಕೊಡಿ. ಮೂರು ಎಚ್‌ಪಿ ಮೋಟಾರು 30 ಕಿಲೋ ಆಸುಪಾಸು ತೂಗುತ್ತದೆ, ಜಾರಿದರೆ ಕೈ ಹೋಗುತ್ತದೆ. ಮೋಟಾರನ್ನು ಹೆಡ್‌ಸ್ಟಾಕಿನ ಕಡೆಗೆ ಸರಿಸಿ, ಬೆಲ್ಟುಗಳು ಜೋತುಬಿದ್ದ ಮೇಲೆ ಒಂದೊಂದನ್ನೇ ಕೈಯಿಂದ ಇಳಿಸಿ. ಹೊರಗಿನ ಗ್ರೂವಿನದು ಯಾವುದು, ಒಳಗಿನದು ಯಾವುದು ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಿ ಬೆಂಚಿನ ಮೇಲೆ ಸಾಲಾಗಿ ಇಡಿ.

ಈಗ ಅವಸರ ಬಿಟ್ಟು ಬೆಳಕಿನಲ್ಲಿ ನೋಡಬೇಕು. ವಿ-ಬೆಲ್ಟ್ ಪುಲ್ಲಿಯನ್ನು ಹಿಡಿಯುವುದು ತಳದಿಂದಲ್ಲ, ಎರಡು ಪಕ್ಕಗಳಿಂದ. ಮರದ ಸೀಳಿಗೆ ಬಡಿದ ಬೆಣೆಯ ಹಾಗೆ. ಬೆಲ್ಟಿನ ಆಯುಸ್ಸೆಲ್ಲ ಆ ಪಕ್ಕಗಳಲ್ಲೇ ಬರೆದಿರುತ್ತದೆ. ಎರಡೂ ಪಕ್ಕ ಗಾಜಿನಷ್ಟು ನುಣುಪಾಗಿ ಹೊಳೆಯುತ್ತಿದ್ದರೆ ಅದು ಬಹಳ ದಿನ ಸಡಿಲವಾಗಿಯೇ ಓಡಿದೆ. ಒಂದೇ ಪಕ್ಕ ಹೆಚ್ಚು ಸವೆದಿದ್ದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ರಬ್ಬರು ಉಬ್ಬಿ, ಉಗುರಿಗೆ ಮೆತ್ತಗೆ ಸಿಕ್ಕುತ್ತಿದ್ದರೆ ಆಯಿಲ್ ಕುಡಿದಿದೆ. ಹೆಡ್‌ಸ್ಟಾಕಿನ ಇನ್‌ಪುಟ್ ಶಾಫ್ಟಿನ ಆಯಿಲ್ ಸೀಲನ್ನು ಈಗಲೇ ಬದಲಿಸದಿದ್ದರೆ ಹೊಸ ಬೆಲ್ಟಿನ ದುಡ್ಡೂ ದಂಡ. ತಳದಲ್ಲಿ ಅಡ್ಡಡ್ಡ ಬಿರುಕು ಬಿಟ್ಟಿದ್ದರೆ ಬಿಸಿಯಿಂದಲೋ ವಯಸ್ಸಿನಿಂದಲೋ ಗಟ್ಟಿಯಾಗಿದೆ. ಪುಲ್ಲಿ ತೀರಾ ಚಿಕ್ಕದಾದಾಗಲೂ ಹೀಗಾಗುವುದುಂಟು. ಬೆನ್ನಿನ ಬಟ್ಟೆ ಹರಿದಿದ್ದರೆ ಗಾರ್ಡಿಗೆ ಉಜ್ಜುತ್ತಿತ್ತು. ಉಳಿದ ಕಡೆ ಚೆನ್ನಾಗಿದ್ದು ಒಂದೇ ಜಾಗದಲ್ಲಿ ನೂಲು ಕಡಿದು ಗಂಟಾಗಿದ್ದರೆ, ಹಿಂದಿನ ಸಲ ಯಾರೋ ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಿದ್ದಾರೆ. ಒಳಗಿನ ನೂಲು ಅಲ್ಲೇ ತುಂಡಾಗಿರುತ್ತದೆ, ಹೊರಗೆ ಕಾಣಿಸಲು ಕೆಲವು ತಿಂಗಳು ಹಿಡಿಯುತ್ತದೆ ಅಷ್ಟೆ.

ಪುಲ್ಲಿಯನ್ನೂ ಬಿಡಬೇಡಿ. ಗ್ರೂವುಗಳನ್ನು ವೇಸ್ಟ್ ಬಟ್ಟೆಯಲ್ಲಿ ಒರೆಸಿ, ಜಿಡ್ಡಿದ್ದರೆ ತುಸು ಸೀಮೆಎಣ್ಣೆ ಹಚ್ಚಿ ತೆಗೆದು, ಪೂರ್ತಿ ಒಣಗಲು ಬಿಡಿ. ಗ್ರೂವಿನ ತಳ ಹೊಳೆಯುತ್ತಿದ್ದರೆ ಬೆಲ್ಟ್ ಕೆಳಗಿಳಿದು ತಳಕ್ಕೆ ಮುಟ್ಟುತ್ತಿತ್ತು. ಮುಟ್ಟಿದ ಮೇಲೆ ಬೆಣೆ ಕೆಲಸ ಮಾಡುವುದಿಲ್ಲ, ಎಷ್ಟೇ ಬಿಗಿ ಮಾಡಿದರೂ ಸ್ಲಿಪ್ ತಪ್ಪದು. ಹೊಸ ಬೆಲ್ಟನ್ನು ಗ್ರೂವಿಗೆ ಒತ್ತಿ, ಹಿಂದಿನಿಂದ ಟಾರ್ಚ್ ಹಿಡಿದು ನೋಡಿ. ಪಕ್ಕದಲ್ಲಿ ಬೆಳಕು ಇಣುಕಿದರೆ ಗ್ರೂವಿನ ಗೋಡೆ ಸವೆದು ಕುಳಿಬಿದ್ದಿದೆ. ಈ ತಗ್ಗು 0.8 ಮಿ.ಮೀ. ದಾಟಿದರೆ ಪುಲ್ಲಿಯನ್ನು ಬದಲಿಸಬೇಕು ಅಥವಾ ಮತ್ತೆ ಟರ್ನ್ ಮಾಡಿಸಬೇಕು. ಲೇತ್ ಮಾಲೀಕನೇ ತನ್ನ ಪುಲ್ಲಿಯನ್ನು ಕೈಯಲ್ಲಿ ಹಿಡಿದು ಪಕ್ಕದ ವರ್ಕ್‌ಶಾಪಿನ ಬಾಗಿಲಲ್ಲಿ ನಿಲ್ಲಬೇಕಾದ ಕೆಲಸ ಇದೊಂದೇ. ಹಾಗೆ ಟರ್ನ್ ಮಾಡುವಾಗ ಕೋನ ಗಮನದಲ್ಲಿರಲಿ. ಬೆಲ್ಟಿನ ಕೋನ 40 ಡಿಗ್ರಿ, ಆದರೆ ಗ್ರೂವಿನದು ಅಷ್ಟಿರುವುದಿಲ್ಲ. ಬಿ ಸೆಕ್ಷನ್ನಿಗೆ 190 ಮಿ.ಮೀ. ಪಿಚ್ ವ್ಯಾಸದವರೆಗೆ 34 ಡಿಗ್ರಿ, ಅದಕ್ಕೂ ದೊಡ್ಡ ಪುಲ್ಲಿಗೆ 38. ಚಿಕ್ಕ ಪುಲ್ಲಿಯ ಸುತ್ತ ಬಾಗುವಾಗ ಬೆಲ್ಟಿನ ತಳ ಅಗಲವಾಗಿ ಕೋನ ಕಿರಿದಾಗುತ್ತದೆ, ಅದಕ್ಕೇ ಈ ವ್ಯತ್ಯಾಸ. ಎಲ್ಲ ಗ್ರೂವುಗಳ ಆಳವೂ ಒಂದೇ ಇರಬೇಕು, ಇಲ್ಲದಿದ್ದರೆ ಒಂದು ಬೆಲ್ಟ್ ದುಡಿಯುತ್ತದೆ, ಉಳಿದವು ಸುಮ್ಮನೆ ಸುತ್ತುತ್ತವೆ.

ಅಂಗಡಿಯಲ್ಲಿ ಏನು ಕೇಳಬೇಕು

ಬೆಲ್ಟಿನ ಬೆನ್ನ ಮೇಲೆ ‘ಬಿ-61’ ಅಂತಲೋ ‘ಎ-48’ ಅಂತಲೋ ಅಚ್ಚಾಗಿರುತ್ತದೆ. ಅಕ್ಷರ ಅಡ್ಡಳತೆಗೆ: ಎ ಎಂದರೆ ಮೇಲ್ಗಡೆ 13 ಮಿ.ಮೀ. ಅಗಲ, 8 ಮಿ.ಮೀ. ದಪ್ಪ, ಬಿ ಎಂದರೆ 17 ಅಗಲ, 11 ದಪ್ಪ. ಅಂಕಿ ಒಳಸುತ್ತಿನ ಉದ್ದ, ಇಂಚಿನಲ್ಲಿ. ಹಿಟ್ಟಿನ ಗಿರಣಿಗೂ ಇವೇ ಸೆಕ್ಷನ್ನಿನ ಬೆಲ್ಟ್ ಬಳಸುವುದರಿಂದ ತಾಲ್ಲೂಕು ಕೇಂದ್ರದ ಹಾರ್ಡ್‌ವೇರ್ ಅಂಗಡಿಯಲ್ಲೂ ಸಾಮಾನ್ಯ ನಂಬರುಗಳು ಸಿಗುತ್ತವೆ. ಅಲ್ಲಿಲ್ಲದಿದ್ದರೆ ಬೆಂಗಳೂರಿನ ಎಸ್‌ಪಿ ರೋಡ್ ಇದ್ದೇ ಇದೆ. ಕಾರು, ಟ್ರ್ಯಾಕ್ಟರಿನ ಫ್ಯಾನ್ ಬೆಲ್ಟ್ ಮಾತ್ರ ಬೇಡ. ನೋಡಲು ಒಂದೇ ಥರ ಕಂಡರೂ ಅದರ ಅಳತೆಯೇ ಬೇರೆ.

ಅಕ್ಷರ ಅಳಿಸಿಹೋಗಿದ್ದರೆ? ಹಳೇ ಬೆಲ್ಟಿನ ಹೊರಸುತ್ತನ್ನು ಟೇಪಿನಲ್ಲಿ ಅಳೆದು, ಎ ಆದರೆ 50 ಮಿ.ಮೀ., ಬಿ ಆದರೆ 70 ಮಿ.ಮೀ. ಕಳೆದರೆ ಒಳಸುತ್ತು ಹತ್ತಿರ ಹತ್ತಿರ ಸಿಗುತ್ತದೆ. ಆದರೆ ಹಳೇ ಬೆಲ್ಟ್ ಎಳೆದು ಉದ್ದವಾಗಿರುತ್ತದೆ, ಅದನ್ನು ಪೂರ್ತಿ ನಂಬಲಾಗದು. ಪುಲ್ಲಿಗಳಿಂದಲೇ ಲೆಕ್ಕ ಹಾಕುವುದು ವಾಸಿ. ಎರಡು ಶಾಫ್ಟುಗಳ ನಡುವಿನ ದೂರದ ಎರಡರಷ್ಟು. ಅದಕ್ಕೆ ಎರಡೂ ಪುಲ್ಲಿಗಳ ವ್ಯಾಸ ಕೂಡಿಸಿ 1.57ರಿಂದ ಗುಣಿಸಿ ಸೇರಿಸಿ. ಮತ್ತೆ, ವ್ಯಾಸಗಳ ವ್ಯತ್ಯಾಸದ ವರ್ಗವನ್ನು ದೂರದ ನಾಲ್ಕರಷ್ಟರಿಂದ ಭಾಗಿಸಿ ಸೇರಿಸಿ. ಪುಲ್ಲಿಗಳು 250 ಮತ್ತು 125, ದೂರ 500 ಎಂದಿಟ್ಟುಕೊಳ್ಳಿ. 1000, 589, 8, ಒಟ್ಟು 1597 ಮಿ.ಮೀ. ಇದು ಪಿಚ್ ಉದ್ದ. ಬಿ ಬೆಲ್ಟಿನ ಒಳಸುತ್ತು ಇದಕ್ಕಿಂತ 43 ಮಿ.ಮೀ. ಕಡಿಮೆ, ಅಂದರೆ 1554, ಇಂಚಿನಲ್ಲಿ 61. ಎ ಬೆಲ್ಟಾದರೆ 36 ಕಳೆಯಬೇಕು. ದೂರ ಅಳೆಯುವಾಗ ಮೋಟಾರು ಹೊಂದಾಣಿಕೆಯ ಮಧ್ಯಕ್ಕಿಂತ ಸ್ವಲ್ಪ ಒಳಗಿರಲಿ. ಮುಂದೆ ಬಿಗಿ ಮಾಡಲು ಜಾಗ ಬೇಕು.

ಮೂರು ಬೆಲ್ಟಿನಲ್ಲಿ ಒಂದೇ ಹರಿದಿದ್ದರೂ ಮೂರನ್ನೂ ಬದಲಿಸಿ. ಹಳೆಯ ಎರಡು ಉದ್ದವಾಗಿರುವುದರಿಂದ ಹೊಸದೊಂದೇ ಇಡೀ ಲೋಡ್ ಹೊತ್ತು ಬೇಗ ಸೋಲುತ್ತದೆ. ಮೂರೂ ಒಂದೇ ಕಂಪನಿಯದಾಗಿರಬೇಕು. ಒಂದೇ ನಂಬರಿನ ಬೇರೆ ಬೇರೆ ಕಂಪನಿಯ ಬೆಲ್ಟುಗಳು ಕೆಲವು ಮಿಲಿಮೀಟರ್ ಹೆಚ್ಚುಕಡಿಮೆ ಇರುತ್ತವೆ. ಅಂಗಡಿಯಲ್ಲೇ ಮೂರನ್ನೂ ಒಂದು ಪೈಪಿಗೆ ನೇತುಹಾಕಿ ಕೆಳತುದಿ ಸಮವಿದೆಯೇ ನೋಡಿ. ಎಷ್ಟೋ ವರ್ಷ ಮೊಳೆಗೆ ನೇತಾಡಿ ಒಂದು ಕಡೆ ಮಡಿಕೆ ಬಿದ್ದದ್ದನ್ನು ಕೊಟ್ಟರೆ ವಾಪಸ್ ಕೊಡಿ. ಒಳಗಡೆ ಹಲ್ಲು ಹಲ್ಲಾಗಿರುವ ಕಾಗ್ ಬೆಲ್ಟ್ ಸಿಕ್ಕರೆ, ಮೋಟಾರಿನ ಪುಲ್ಲಿ ಚಿಕ್ಕದಿದ್ದವರು ಅದನ್ನೇ ಕೊಳ್ಳಬಹುದು. ಅದು ಸಲೀಸಾಗಿ ಬಾಗುತ್ತದೆ, ಕಡಿಮೆ ಬಿಸಿಯಾಗುತ್ತದೆ.

ಸಾಲು, ಬಿಗಿ

ಹೊಸ ಬೆಲ್ಟು ಸಡಿಲವಾಗಿ ಪುಲ್ಲಿಗೆ ಇಳಿಯುವಷ್ಟು ಮೋಟಾರು ಒಳಗೆ ಬರಬೇಕು. ಬರದಿದ್ದರೆ ನಂಬರ್ ತಪ್ಪಾಗಿದೆ ಎಂದರ್ಥ, ಮೀಟಿ ಏರಿಸುವ ಪ್ರಶ್ನೆಯೇ ಇಲ್ಲ. ಮೋಟಾರನ್ನು ಜಾಗ್ ಮಾಡಿ ಬೆಲ್ಟ್ ಹತ್ತಿಸುವವರನ್ನು ಕಂಡರೆ ದೂರ ನಿಲ್ಲಿ.

ಪುಲ್ಲಿಗಳ ಸಾಲು ನೋಡಲು ನೇರವಾದ ಸ್ಟ್ರೈಟ್ ಎಡ್ಜ್ ಸಾಕು, ಅದೂ ಇಲ್ಲದಿದ್ದರೆ ಬಿಗಿಯಾಗಿ ಎಳೆದ ದಾರ. ದೊಡ್ಡ ಪುಲ್ಲಿಯ ಮುಖದ ಎರಡು ಅಂಚು, ಚಿಕ್ಕದರ ಎರಡು ಅಂಚು, ಹೀಗೆ ನಾಲ್ಕು ಕಡೆ ಒಮ್ಮೆಗೇ ತಾಗಬೇಕು. ಎರಡು ಪುಲ್ಲಿಗಳ ಅಂಚಿನ ದಪ್ಪ ಬೇರೆಯಿದ್ದರೆ ಆ ವ್ಯತ್ಯಾಸ ಬಿಟ್ಟು ಲೆಕ್ಕ ಹಾಕಿ. ವಿ-ಬೆಲ್ಟ್ ಅರ್ಧ ಡಿಗ್ರಿ ಓರೆಯನ್ನು ಸಹಿಸಿಕೊಳ್ಳುತ್ತದೆ, ಅರ್ಧ ಮೀಟರ್ ದೂರಕ್ಕೆ ಅದು ನಾಲ್ಕು ಮಿಲಿಮೀಟರಿನಷ್ಟು. ತಪ್ಪು ಎರಡು ಬಗೆಯದಾಗಿರಬಹುದು: ಪುಲ್ಲಿ ಶಾಫ್ಟಿನ ಮೇಲೆ ಮುಂದಕ್ಕೋ ಹಿಂದಕ್ಕೋ ಜರುಗಿರುವುದು ಒಂದು, ಮೋಟಾರೇ ತಿರುಚಿ ಕೂತಿರುವುದು ಇನ್ನೊಂದು. ಮೊದಲನೆಯದಕ್ಕೆ ಗ್ರಬ್ ಸ್ಕ್ರೂ ಸಡಿಲಿಸಿ ಪುಲ್ಲಿ ಸರಿಸಿ, ಎರಡನೆಯದಕ್ಕೆ ಬೇಸ್ ಬೋಲ್ಟುಗಳ ಹತ್ತಿರ ಹೋಗಿ. ಬೋಲ್ಟ್ ಬಿಗಿದ ಮೇಲೆ ಮತ್ತೆ ಅಳೆಯಿರಿ, ಬಿಗಿಯುವಾಗಲೇ ಮೋಟಾರು ತಿರುಗಿಬಿಡುವುದು ಸಾಮಾನ್ಯ.

ಬಿಗಿಯ ವಿಷಯದಲ್ಲಿ ಒಬ್ಬೊಬ್ಬ ಟರ್ನರಿಗೂ ಒಂದೊಂದು ಶಾಸ್ತ್ರ. ಹೆಬ್ಬೆರಳಲ್ಲಿ ಒತ್ತಿ ಅರ್ಧ ಇಂಚು ಇಳಿಯಬೇಕು ಎನ್ನುವವರಿದ್ದಾರೆ. ಯಾರ ಹೆಬ್ಬೆರಳು, ಎಷ್ಟು ಉದ್ದದ ಬೆಲ್ಟು ಎಂದು ಅವರು ಹೇಳುವುದಿಲ್ಲ. ಲೆಕ್ಕ ಹೀಗಿದೆ: ಎರಡು ಪುಲ್ಲಿಗಳ ನಡುವೆ ಬೆಲ್ಟಿನ ಬಿಡುಭಾಗ ಎಷ್ಟಿದೆಯೋ, ಮೀಟರಿಗೆ 16 ಮಿ.ಮೀ.ಯಂತೆ ಅದರ ಮಧ್ಯ ಇಳಿಯಬೇಕು. ಅರ್ಧ ಮೀಟರಿಗೆ 8 ಮಿ.ಮೀ. ಅಷ್ಟು ಇಳಿಸಲು ಎ ಬೆಲ್ಟಿಗೆ ಒಂದರಿಂದ ಒಂದೂವರೆ ಕಿಲೋ, ಬಿ ಬೆಲ್ಟಿಗೆ ಎರಡರಿಂದ ಮೂರು ಕಿಲೋ ಬಲ ಬೇಕಾಗಬೇಕು, ಪ್ರತಿ ಬೆಲ್ಟಿಗೆ. ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿಯನ್ನು ಬೆಲ್ಟಿನ ಮಧ್ಯಕ್ಕೆ ಸಿಕ್ಕಿಸಿ, ಬೆಲ್ಟಿಗೆ ಲಂಬವಾಗಿ ಎಳೆದರೆ ಉತ್ತರ ಬರುತ್ತದೆ. ಹೊಸ ಬೆಲ್ಟನ್ನು ಮೇಲಿನ ಅಂಕಿಗಿಂತ ತುಸು ಹೆಚ್ಚೇ ಬಿಗಿ ಮಾಡಿ, ಮೊದಲ ಓಟದಲ್ಲೇ ಅದು ಗ್ರೂವಿನಲ್ಲಿ ಕೂತು ಸಡಿಲವಾಗುತ್ತದೆ. ಹಾಗಂತ ವೀಣೆಯ ತಂತಿ ಮಾಡಬೇಡಿ. ಅತಿ ಬಿಗಿಯಿಂದ ಹಾಳಾಗುವುದು ಮೋಟಾರಿನ ಪುಲ್ಲಿ ಕಡೆಯ ಬೇರಿಂಗು ಮತ್ತು ಹೆಡ್‌ಸ್ಟಾಕಿನ ಇನ್‌ಪುಟ್ ಬೇರಿಂಗು. ಅವುಗಳ ಮುಂದೆ ಬೆಲ್ಟಿನ ಬೆಲೆ ಏನೂ ಅಲ್ಲ.

ಸ್ಲಿಪ್ ಆಗುವ ಬೆಲ್ಟಿಗೆ ರಾಳದ ಪುಡಿ ಉದುರಿಸುವ ಅಭ್ಯಾಸ ಚರ್ಮದ ಪಟ್ಟೆಬೆಲ್ಟಿನ ಕಾಲದ್ದು. ವಿ-ಬೆಲ್ಟಿಗೆ ಅದು ಬೇಡ. ಅಂಟು ಹಿಡಿದು ಚಿಪ್ಸ್ ಧೂಳನ್ನೆಲ್ಲ ಕೂಡಿಹಾಕಿಕೊಳ್ಳುತ್ತದೆ, ನಿಜವಾದ ಕಾರಣವನ್ನು ನಾಲ್ಕು ದಿನ ಮುಚ್ಚಿಡುತ್ತದೆ.

ಕೋನ್ ಪುಲ್ಲಿ ಇದ್ದವರಿಗೆ

ಸ್ಪಿಂಡಲ್ಲಿಗೆ ಹೋಗುವ ಬೆಲ್ಟ್ ಪಟ್ಟೆಯದಾದರೆ ಕೆಲಸ ಸರಳ, ಏಕೆಂದರೆ ಅದನ್ನು ಕತ್ತರಿಸಿ ಜಾಗದಲ್ಲೇ ಜೋಡಿಸಬಹುದು. ಟೇಪನ್ನು ಎರಡೂ ಪುಲ್ಲಿಗಳ ಸುತ್ತ ಬಿಗಿಯಾಗಿ ಸುತ್ತಿ ಅಳತೆ ತೆಗೆದು, ಚರ್ಮದ ಬೆಲ್ಟಾದರೆ ಮೀಟರಿಗೆ 10 ಮಿ.ಮೀ. ಕಡಿಮೆ ಕತ್ತರಿಸಿ, ಆ ಕೊರತೆಯೇ ಅದರ ಬಿಗಿ. ತುದಿಯನ್ನು ಮೂಲೆಮಟ್ಟ ಇಟ್ಟು ಸರಿಯಾಗಿ ಚೌಕಕ್ಕೆ ಕತ್ತರಿಸದಿದ್ದರೆ ಬೆಲ್ಟ್ ಹಾವಿನ ನಡೆ ನಡೆಯುತ್ತದೆ. ಚರ್ಮದ ನುಣುಪು ಮುಖ, ಕೂದಲಿದ್ದ ಕಡೆ, ಪುಲ್ಲಿಗೆ ತಾಗುವಂತಿರಲಿ. ಕ್ಲಿಪ್ ಜೋಡಣೆ ಗಟ್ಟಿ ನಿಜ, ಆದರೆ ಪುಲ್ಲಿ ಹಾಯುವಾಗಲೆಲ್ಲ ಟಕ್ ಎನ್ನುತ್ತದೆ, ನಯವಾದ ಕೆಲಸದಲ್ಲಿ ಜಾಬಿನ ಮೇಲೂ ಕಾಣಬಹುದು. ಫಿನಿಶ್ ಮುಖ್ಯವಾದವರು ಅಂಟಿನ ಓರೆಜೋಡಣೆ ಮಾಡಿಸುವುದು ಒಳ್ಳೆಯದು.

ಸ್ಪಿಂಡಲ್ಲಿನ ಮೇಲೆ ವಿ-ಗ್ರೂವಿನ ಕೋನ್ ಇದ್ದರೆ ಬಿಡಿ ಬಿಡಿ ಕೊಂಡಿಗಳನ್ನು ಒಂದಕ್ಕೊಂದು ಸಿಕ್ಕಿಸಿ ಮಾಡುವ ಲಿಂಕ್ ಬೆಲ್ಟ್ ತರಿಸಿ. ಒಂದು ಬೆಲ್ಟಿಗಾಗಿ ಸ್ಪಿಂಡಲ್ ಎಳೆಯುವುದು ನನಗೆ ಒಪ್ಪಿಗೆಯಾಗದ ಕೆಲಸ. ವರ್ಷಗಳಿಂದ ಹೊಂದಿಕೊಂಡಿರುವ ಬೇರಿಂಗಿನ ಸೆಟ್ಟಿಂಗ್ ಕೆಡುತ್ತದೆ, ಮತ್ತೆ ಹೊಂದಿಸಲು ಒಳ್ಳೆಯ ಫಿಟ್ಟರ್ ಬೇಕು. ಲಿಂಕ್ ಬೆಲ್ಟ್ ದುಬಾರಿ, ಆದರೂ ಆ ತಲೆನೋವಿಗಿಂತ ಅಗ್ಗ. ಅದನ್ನು ಪುಲ್ಲಿಗಳ ಸುತ್ತ ಕೈಯಲ್ಲಿ ಎಳೆದು ಅಳೆದ ಮೇಲೆ 24 ಕೊಂಡಿಗೆ ಒಂದರಂತೆ ತೆಗೆದು ಜೋಡಿಸಬೇಕು. ಕೊಂಡಿಯ ನಾಲಗೆಗಳು ಒಳಮುಖವಾಗಿ, ಬಾಣದ ಗುರುತು ಓಡುವ ದಿಕ್ಕಿಗೆ. ಸ್ಪಿಂಡಲ್ಲನ್ನು ಬೇರೆ ಕಾರಣಕ್ಕೆ ಬಿಚ್ಚಲೇಬೇಕಾಗಿ ಬಂದರೆ ಆಗ ಮಾತ್ರ ಇಡೀ ಬೆಲ್ಟ್ ಹಾಕಿಸಿ, ಇನ್ನೊಂದನ್ನು ಹೆಚ್ಚುವರಿಯಾಗಿ ಒಳಗೇ ಪಕ್ಕಕ್ಕೆ ಕಟ್ಟಿಡಬಹುದು.

ಮೊದಲ ಓಟ

ಗಾರ್ಡ್ ಹಾಕಿಯೇ ಮೇನ್ ಏರಿಸಿ. ಲೋಡ್ ಇಲ್ಲದೆ 20 ನಿಮಿಷ ಓಡಿಸಿ, ನಿಲ್ಲಿಸಿ, ಮೇನ್ ಮತ್ತೆ ಇಳಿಸಿ, ಬಿಗಿ ಇನ್ನೊಮ್ಮೆ ನೋಡಿ. ಇಳಿದಿರುತ್ತದೆ. ಒಂದೆರಡು ದಿನದ ಕೆಲಸದ ಮೇಲೆ ಇನ್ನೊಮ್ಮೆ. ಹೆಚ್ಚಿನ ಹೊಸ ಬೆಲ್ಟುಗಳು ಸುಟ್ಟುಹೋಗುವುದು ಈ ಎರಡನೇ ಸಲದ ಬಿಗಿಯನ್ನು ಮರೆತದ್ದಕ್ಕೆ. ಮೋಟಾರಿನ ಬೇರಿಂಗ್ ಕವರಿನ ಮೇಲೆ ಕೈಯಿಟ್ಟುಕೊಳ್ಳಲಾಗದಷ್ಟು ಬಿಸಿಯಿದ್ದರೆ ಟೆನ್ಷನ್ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ. ಬೇರಿಂಗ್ ಸದ್ದು ಕೇಳಲು ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು ತುದಿಯನ್ನು ಕವರಿಗೆ ಆನಿಸಬಹುದು. ಆ ಸ್ಕ್ರೂಡ್ರೈವರಿಗೆ ಬೆಲ್ಟಿನ ಹತ್ತಿರ ಇರುವ ಯೋಗ್ಯ ಕೆಲಸ ಇದೊಂದೇ.

ಬೆಲ್ಟಿನ ನಂಬರು, ಎಷ್ಟು ಬೆಲ್ಟು, ಹಾಕಿದ ತಾರೀಖು ಇವನ್ನು ಗಾರ್ಡಿನ ಒಳಮೈಯಲ್ಲಿ ಬಿಳಿ ಪೇಂಟಿನಲ್ಲಿ ಬರೆದಿಡಿ. ಬಿಡಿ ಸೆಟ್ ಒಂದನ್ನು ತಂದಿಟ್ಟರೆ ಮೊಳೆಗೆ ತೂಗುಹಾಕದೆ, ಬಿಸಿಲು, ಆಯಿಲ್, ವೆಲ್ಡಿಂಗ್ ಇವುಗಳಿಂದ ದೂರದ ಹಲಗೆಯ ಮೇಲೆ ಮಡಿಚದೆ ಇಡಿ.